ಹಬ್ಬ ಚಂದ್ರನ ಲೆಕ್ಕ, ಮಳೆ ಸೂರ್ಯನ ಲೆಕ್ಕ



ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಒಮ್ಮೆ ರೈತರ ಹಬ್ಬಗಳ ಬಗ್ಗೆ ಮಾತುಕತೆ ಇತ್ತು. ಅದರ ಪ್ರಾರಂಭದ ನಿರೂಪಣೆ ಬರೆದವನು ನಾನೇ. 'ಕಾರ ಹುಣ್ಣಿಮೆ ಬಂತೆಂದರೆ ಮುಂಗಾರು ಬಂತು. ನಮ್ಮ ಹಿರಿಯರು ನಿಸರ್ಗದ ಗಡಿಯಾರ ನೋಡಿಯೇ ಹಬ್ಬದ ದಿನ ಗೊತ್ತು ಮಾಡಿದ್ದಾರೆ' ಎಂದು ಬರೆದಿದ್ದೆ. ಕಿವಿಗೆ ಇಂಪಾದ ಮಾತು. ಹಿನ್ನೆಲೆಗೆ ಹಲಗೆಯ ಸದ್ದು, ಬಣ್ಣ ಹಚ್ಚಿದ ಎತ್ತುಗಳ ಓಟ. ನಮಗೆ ನಾವೇ ಶಭಾಷ್ ಅಂದುಕೊಂಡೆವು.

ವಾರದೊಳಗೆ ಬ್ಯಾಡಗಿ ತಾಲ್ಲೂಕಿನಿಂದ ಕಾಲೇಜು ಹುಡುಗಿಯೊಬ್ಬಳ ಕಾರ್ಡು ಬಂತು. ಅವಳ ಪ್ರಶ್ನೆ ಚಿಕ್ಕದು: 'ಸರ್, 2023ರಲ್ಲಿ ಕಾರ ಹುಣ್ಣಿಮೆ ಜೂನ್ ಮೊದಲ ವಾರದಲ್ಲೇ ಬಂತು, ನಮ್ಮ ಹೊಲಕ್ಕೆ ಹದ ಮಳೆ ಜುಲೈಯಲ್ಲಿ ಆಯಿತು. 2024ರಲ್ಲಿ ಹುಣ್ಣಿಮೆ ಬರುವುದರೊಳಗೆ ಬಿತ್ತಿಗೆಯೇ ಮುಗಿದಿತ್ತು. ನಿಮ್ಮ ಗಡಿಯಾರ ಯಾವ ವರ್ಷದ್ದು?'

ಪಂಚಾಂಗ ತೆಗೆದು ನೋಡಿದೆ. ಹುಡುಗಿಯ ಮಾತು ಸರಿಯಾಗಿತ್ತು. 2023ರ ಕಾರ ಹುಣ್ಣಿಮೆ ಜೂನ್ 3-4ಕ್ಕೆ. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ತಡವಾಗಿ. ಜೂನ್ ಬಹುಪಾಲು ಒಣಗಿಯೇ ಹೋಯಿತು. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷ ಮುಂಗಾರು ಮೇ 30ಕ್ಕೇ ಕೇರಳ ತಲುಪಿತು; ಕಾರ ಹುಣ್ಣಿಮೆ ಮಾತ್ರ ಜೂನ್ 21-22ಕ್ಕೆ. ಅಂದರೆ ಹಬ್ಬ ಬೇಗ ಬಂದ ವರ್ಷ ಮಳೆ ತಡ, ಹಬ್ಬ ತಡವಾದ ವರ್ಷ ಮಳೆ ಬೇಗ. ನಾನು ಬರೆದದ್ದಕ್ಕೆ ನೇರ ವಿರುದ್ಧ.

ಹಾಗಾದರೆ ಹಬ್ಬಗಳಿಗೂ ನಿಸರ್ಗಕ್ಕೂ ಸಂಬಂಧವೇ ಇಲ್ಲವೆ? ಇದೆ. ಆದರೆ ನಾನು ಬರೆದಷ್ಟು ಸರಳವಾಗಿಲ್ಲ. ಅದನ್ನು ತಿಳಿಯಲು ಎರಡನೆಯ ಸಲ ಹಾವೇರಿ ಜಿಲ್ಲೆಗೆ ಹೋದೆವು. ರಾಣೆಬೆನ್ನೂರಿನ ಸಮೀಪ ಹೊಲದ ಬದುವಿನ ಬೇವಿನ ಮರದಡಿ ಕೂತಿದ್ದ ಹಿರಿಯರೊಬ್ಬರ ಮುಂದೆ ಇದೇ ಪ್ರಶ್ನೆ ಇಟ್ಟೆ.

'ಅಜ್ಜಾರ, ಹಬ್ಬ ಹಿಂದ ಮುಂದ ಆದ್ರ ಬಿತ್ತಿಗಿ ಹ್ಯಾಂಗ ಮಾಡ್ತೀರಿ?'

ಅಜ್ಜ ನಕ್ಕರು. 'ಹಬ್ಬ ನೋಡಿ ಯಾರ್ ಬಿತ್ತತಾರ್ರಿ ಸಾಹೇಬ್ರ? ಹಬ್ಬ ಚಂದ್ರನ ಲೆಕ್ಕ, ಮಳಿ ಸೂರ್ಯಾನ ಲೆಕ್ಕ. ಹೋಳಿಗಿ ತಿನ್ನೂದು ಅದಕ್ಕ, ಕೂರಿಗಿ ಹೂಡೂದು ಇದಕ್ಕ.'

ಬಿ.ಎಸ್ಸಿ. ಓದಿದ ನನಗೆ ಈ ಒಂದು ಮಾತಿನಲ್ಲಿ ಎಷ್ಟು ಖಗೋಳಶಾಸ್ತ್ರ ಅಡಗಿದೆ ಎಂಬುದು ಬಿಡಿಸಿ ನೋಡಿದಾಗಲೇ ತಿಳಿದದ್ದು. ನೀವೂ ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಹನ್ನೆರಡರಿಂದ ಗುಣಿಸಿದರೆ 354 ದಿನ ಚಿಲ್ಲರೆ. ಭೂಮಿ ಸೂರ್ಯನನ್ನು ಒಂದು ಸುತ್ತು ಬರಲು 365 ಕಾಲು ದಿನ. ಹೀಗೆ ಚಂದ್ರನ ವರ್ಷ ಪ್ರತಿ ಸಲವೂ ಸುಮಾರು 11 ದಿನ ಹಿಂದೆ ಬೀಳುತ್ತದೆ. ಇದನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಮುಸ್ಲಿಂ ಗೆಳೆಯರನ್ನು ಕೇಳಿ. ರಂಜಾನ್ ತಿಂಗಳು ಕೆಲವು ವರ್ಷ ಬೇಸಿಗೆಯಲ್ಲಿ, ಮುಂದೆ ಚಳಿಗಾಲದಲ್ಲಿ, ಹೀಗೆ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಅದು ಶುದ್ಧ ಚಾಂದ್ರಮಾನ. ನಮ್ಮ ಪಂಚಾಂಗದ್ದು ಬೆರಕೆ ಲೆಕ್ಕ. ಯಾವ ಚಾಂದ್ರ ತಿಂಗಳಿನಲ್ಲಿ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದಿಲ್ಲವೋ, ಅಂದರೆ ಸಂಕ್ರಮಣವೇ ಇಲ್ಲವೋ, ಅದು ಅಧಿಕ ಮಾಸ. ಸರಾಸರಿ ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅದು ಬಂದು, ಹಿಂದೆ ಸರಿದ ಹಬ್ಬಗಳನ್ನು ಒಮ್ಮೆಲೇ ಮುಂದಕ್ಕೆ ತಳ್ಳುತ್ತದೆ. ಹತ್ತೊಂಬತ್ತು ವರ್ಷಗಳಲ್ಲಿ ಇಂಥ ಏಳು ತಿಂಗಳು.

ಆದ್ದರಿಂದ ಯಾವ ಹಬ್ಬವೂ ತನ್ನ ಋತುವನ್ನು ಬಿಟ್ಟು ಓಡಿಹೋಗುವುದಿಲ್ಲ. ಹಗ್ಗ ಕಟ್ಟಿದ ಕರುವಿನಂತೆ ಗೂಟದ ಸುತ್ತ ಒಂದು ತಿಂಗಳ ಅಂತರದಲ್ಲಿ ಓಡಾಡುತ್ತದೆ. ಯುಗಾದಿ 2021ರಲ್ಲಿ ಏಪ್ರಿಲ್ 13, 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9. ನಾಗರ ಪಂಚಮಿ 2023ರಲ್ಲಿ ಅಧಿಕ ಶ್ರಾವಣದ ದೆಸೆಯಿಂದ ಆಗಸ್ಟ್ 21ಕ್ಕೆ ಹೋಯಿತು. 2025ರಲ್ಲಿ ಜುಲೈ 29ಕ್ಕೇ ಜೋಕಾಲಿ ಕಟ್ಟಿದೆವು.

ಇನ್ನು ಮಳೆಯ ಲೆಕ್ಕ. ರೋಹಿಣಿ, ಮಿರಗ, ಆರಿದ್ರಾ, ಪುಷ್ಯ, ಮಘೆ, ಹುಬ್ಬಿ, ಉತ್ತರಿ, ಸ್ವಾತಿ ಎಂದು ನಿಮ್ಮ ಮನೆಯ ಹಿರಿಯರು ಹೇಳುವ ಮಳೆಗಳು ಚಂದ್ರನವಲ್ಲ. ಆಕಾಶದಲ್ಲಿ ಸೂರ್ಯನ ಹಾದಿಯನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದರೆ ಒಂದೊಂದರಲ್ಲಿ ಸೂರ್ಯ ಹದಿಮೂರೂವರೆ ದಿನ ಇರುತ್ತಾನೆ. ಸೂರ್ಯ ಮೃಗಶಿರೆಯಲ್ಲಿದ್ದಾಗ ಬೀಳುವುದು ಮಿರಗದ ಮಳೆ. ತಮಾಷೆಯೆಂದರೆ ಆ ದಿನಗಳಲ್ಲಿ ಮೃಗಶಿರಾ ನಕ್ಷತ್ರ ಕಣ್ಣಿಗೆ ಕಾಣುವುದೇ ಇಲ್ಲ, ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಕಾಣದ ನಕ್ಷತ್ರದ ಹೆಸರಿನಲ್ಲಿ ಕಾಣುವ ಮಳೆಯನ್ನು ಕರೆಯುತ್ತೇವೆ! ಈ ತಾರೀಖುಗಳು ಸೂರ್ಯನವಾದ್ದರಿಂದ ಇಂಗ್ಲಿಷ್ ಕ್ಯಾಲೆಂಡರಿಗೆ ಅಂಟಿಕೊಂಡಿವೆ: ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಜೂನ್ 8, ಆರಿದ್ರಾ ಜೂನ್ 22, ಮಘೆ ಆಗಸ್ಟ್ 17, ಸ್ವಾತಿ ಅಕ್ಟೋಬರ್ 24. ವರ್ಷ ವರ್ಷಕ್ಕೆ ಒಂದೆರಡು ದಿನದ ವ್ಯತ್ಯಾಸ, ಅಷ್ಟೆ. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ', 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂಬ ಗಾದೆಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ. ಹೊಲದ ಕೆಲಸಕ್ಕೆ ಒಂದು ತಿಂಗಳು ಓಲಾಡುವ ಹುಣ್ಣಿಮೆ ಸಾಲದು ಎಂದು ಜನ ಬೇರೆಯೇ ಒಂದು ಲೆಕ್ಕ ಇಟ್ಟುಕೊಂಡರು. ಅಜ್ಜನ ಮಾತಿನ ಅರ್ಥ ಇದು.

ಇಲ್ಲೊಂದು ಸೂಕ್ಷ್ಮವಿದೆ, ಬಿ.ಎಸ್ಸಿ. ವಿದ್ಯಾರ್ಥಿಗಳು ಗಮನಿಸಬೇಕು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ವಾಲಾಡುತ್ತದೆ. ಇದರಿಂದ ನಕ್ಷತ್ರಗಳನ್ನು ನೆಚ್ಚಿದ ಲೆಕ್ಕ ಋತುಗಳಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ದೂರ ಸರಿಯುತ್ತದೆ. ಮಕರ ಸಂಕ್ರಾಂತಿಯನ್ನು ಉತ್ತರಾಯಣದ ಆರಂಭವೆನ್ನುತ್ತೇವೆ; ಆದರೆ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಎರಡೂ ಒಂದೇ ದಿನ ಬರುತ್ತಿದ್ದದ್ದು ಸುಮಾರು 1,700 ವರ್ಷಗಳ ಹಿಂದೆ. ಇದೇ ಲೆಕ್ಕದಲ್ಲಿ 950 ವರ್ಷಕ್ಕೆ ಒಂದು ಇಡೀ ನಕ್ಷತ್ರದಷ್ಟು ವ್ಯತ್ಯಾಸ ಬೀಳುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ರೈತನಿಗೆ ಈಗಿನ ರೋಹಿಣಿಯ ದಿನಗಳಲ್ಲೇ ಮಿರಗ ಕೂಡುತ್ತಿತ್ತು. ಮಳೆ ಮಾರುತಕ್ಕೆ ನಕ್ಷತ್ರದ ಹೆಸರು ಗೊತ್ತಿಲ್ಲ. ಹಾಗಾದರೆ ನಮ್ಮ ಗಾದೆಗಳು ನಾವು ತಿಳಿದಷ್ಟು ಹಳೆಯವಲ್ಲ. ಇಲ್ಲವೇ ಜನ ಮಳೆ ನೋಡುತ್ತ ಅವನ್ನು ತಿದ್ದುತ್ತ ಬಂದಿದ್ದಾರೆ. ಎರಡನೆಯದೇ ನಿಜವಿರಬೇಕೆಂದು ನನ್ನ ಅನಿಸಿಕೆ. ತಿದ್ದುವವರು ಇಲ್ಲದೆ ಗಾದೆ ಬದುಕುವುದಿಲ್ಲ.

ಚಂದ್ರ, ಸೂರ್ಯರ ಮಾತಾಯಿತು. ಗಿಡಗಳು ಯಾವುದನ್ನು ನೋಡುತ್ತವೆ?

ಮೊದಲು ಬೇವು. ಯುಗಾದಿಯ ಹೊತ್ತಿಗೆ ಹಾವೇರಿಯ ಬಿಸಿಲು ನೆತ್ತಿ ಸುಡುತ್ತದೆ, ಎರೆ ಹೊಲ ಬಾಯಿಬಿಟ್ಟಿರುತ್ತದೆ. ಮಳೆಗೆ ಇನ್ನೂ ಎರಡು ತಿಂಗಳಿದೆ. ಆಗಲೇ ಬೇವು, ಹೊಂಗೆ ಚಿಗುರುತ್ತವೆ. ನೀರಿಲ್ಲದಾಗ ಎಲೆ ಬಿಡುವುದು ದಡ್ಡತನವಲ್ಲವೆ? ಆಳಕ್ಕೆ ಬೇರಿಳಿಸಿದ ಮರಗಳಿಗೆ ಮಣ್ಣಿನ ತಳದ ನೀರೂ ಕಾಂಡದಲ್ಲಿ ಕೂಡಿಟ್ಟ ನೀರೂ ಸಾಲುತ್ತದೆ. ಹಗಲು ಉದ್ದವಾಗುತ್ತಿರುವುದೇ ಇಂಥ ಹಲವು ಮರಗಳಿಗೆ ಸೂಚನೆ. ಲಾಭವೇನು? ಭಾರತೀಯ ವಿಜ್ಞಾನ ಸಂಸ್ಥೆಯ ಮುರಳಿ ಮತ್ತು ಸುಕುಮಾರ್ ಮುದುಮಲೈ ಕಾಡಿನಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಉತ್ತರ ಕೊಡುತ್ತದೆ. ಒಣ ದಿನಗಳಲ್ಲೇ ಚಿಗುರಿದ ಗಿಡಗಳ ಎಲೆಯನ್ನು ಹುಳುಗಳು ಕಡಿಮೆ ತಿಂದಿದ್ದವು. ಮಳೆಯಾದ ಮೇಲೆ ಚಿಗುರಿದವು ಹುಳುಗಳ ಪಾಲಾಗಿದ್ದವು. ಹುಳು ಏಳುವ ಮೊದಲೇ ಎಲೆ ಬಲಿತಿರಬೇಕು ಎಂಬುದು ಮರದ ಉಪಾಯ. ಬೇವು-ಬೆಲ್ಲದ ಬಟ್ಟಲಿಗೆ ಹೂ ಸಿಗುವುದು ಈ ಉಪಾಯದ ನೆರಳಿನಲ್ಲೇ. (ವರ್ಷಕ್ಕೊಮ್ಮೆ ಒಂದು ಚಿಟಿಕೆ ಬೇವು ತಿಂದರೆ ವರ್ಷವಿಡೀ ರೋಗ ಬರುವುದಿಲ್ಲ ಎಂಬ ಮಾತನ್ನು ವಿಜ್ಞಾನವೆಂದು ಹೇಳಬೇಡಿ. ಅದು ಹಾರೈಕೆ. ಹಾರೈಕೆಯಾಗಿ ಚೆನ್ನಾಗಿಯೇ ಇದೆ.)

ಮುತ್ತುಗವೂ ಹಾಗೆಯೇ. ಎಲೆ ಉದುರಿಸಿ ಬರಿ ಕೊಂಬೆಗೆ ಕೇಸರಿ ಹೂ ಹೊತ್ತು ನಿಲ್ಲುವ ಕಾಲ ಹೋಳಿಯ ಕಾಲ. ರಾಣೆಬೆನ್ನೂರಿನಲ್ಲಿ ಯಾರೆಷ್ಟು ಕುಣಿದು ಕಾಡಿದರೂ ನಗದೆ ಕೂರುವ ಜೀವಂತ ರತಿ-ಮನ್ಮಥರನ್ನು ನೋಡಲು ಜನ ಮುಗಿಬೀಳುತ್ತಾರಲ್ಲ, ಅದೇ ದಿನಗಳು. ಓಕುಳಿಗೆ ಹಿಂದೆ ಮುತ್ತುಗದ ಹೂವನ್ನೇ ಕುದಿಸುತ್ತಿದ್ದರು. ಆದರೆ ಹೋಳಿ 2023ರಲ್ಲಿ ಮಾರ್ಚ್ 7ಕ್ಕೆ, 2024ರಲ್ಲಿ ಮಾರ್ಚ್ 25ಕ್ಕೆ. ಹದಿನೆಂಟು ದಿನ ಆಚೀಚೆಯಾದರೂ ಹೂ ಹೇಗೆ ಸಿಗುತ್ತದೆ? ಹಬ್ಬಕ್ಕೆ ನಾವು ಆರಿಸಿಕೊಂಡ ಗಿಡಗಳನ್ನು ಗಮನಿಸಿ: ಬೇವು, ಮುತ್ತುಗ, ಬನ್ನಿ, ಉತ್ತರಾಣಿ. ಹೂವೋ ಎಲೆಯೋ ವಾರಗಟ್ಟಲೆ ಸಿಗುವಂಥವೇ ಎಲ್ಲ. ಕೊಡಗಿನ ಕಾಫಿ ಹೂವನ್ನು ನೋಡಿ. ಬೇಸಿಗೆಯ ಒಂದು ಮಳೆ ಬಿದ್ದು ಹತ್ತು ದಿನಕ್ಕೆ ಅರಳಿ, ಎರಡು ಮೂರು ದಿನದಲ್ಲಿ ಬಾಡಿಹೋಗುತ್ತದೆ. ಎಷ್ಟೇ ಚೆಲುವಿದ್ದರೂ ಅದು ಹುಣ್ಣಿಮೆಯ ಹಬ್ಬಕ್ಕೆ ಒದಗದು. ಚಂದ್ರ ಒಂದು ತಿಂಗಳು ಓಲಾಡುತ್ತಾನೆ. ಅಷ್ಟು ದಿನ ಕಾಯಬಲ್ಲ ಗಿಡವೇ ಹಬ್ಬದ ಗಿಡವಾಯಿತು ಎಂಬುದು ನನ್ನ ಊಹೆ.

ಈಗ ಬ್ಯಾಡಗಿಯ ಹೊಲಕ್ಕೆ ಬನ್ನಿ. ಒಂದು ಸಾಲು ಮೆಣಸಿನಕಾಯಿ, ಬದುವಿನ ಪಕ್ಕ ಎರಡು ಸಾಲು ಗುರೆಳ್ಳು. ನಿಮ್ಮ ಕಡೆ ಇದನ್ನು ಹುಚ್ಚೆಳ್ಳು ಎನ್ನುತ್ತಿರಬಹುದು. ಮಳೆ ಒಂದು ತಿಂಗಳು ತಡವಾಯಿತೆನ್ನಿ. ಮೆಣಸಿನ ಸಸಿ ನೆಡುವುದು ತಡವಾದರೆ ಹೂವೂ ತಡ, ಕಾಯಿಯೂ ತಡ. ಅದು ನೆಟ್ಟ ದಿನದಿಂದ ಎಣಿಸುತ್ತದೆ. ಗುರೆಳ್ಳು ಹಾಗಲ್ಲ. ಒಂದು ತಿಂಗಳು ತಡವಾಗಿ ಬಿತ್ತಿದರೂ ಹೆಚ್ಚುಕಡಿಮೆ ಅದೇ ಸುಮಾರಿಗೆ ಹೂಬಿಡುತ್ತದೆ. ಗಿಡ ಗಿಡ್ಡ, ಕಾಳು ಕಡಿಮೆ. ಅದು ಎಣಿಸುವುದು ರಾತ್ರಿಯ ಉದ್ದವನ್ನು. ಹಾವೇರಿಯಲ್ಲಿ ಜೂನ್ ಕೊನೆಯ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಯದು 11 ಗಂಟೆ ಚಿಲ್ಲರೆ. ಎರಡು ಗಂಟೆಗೂ ಕಡಿಮೆಯ ಈ ವ್ಯತ್ಯಾಸವನ್ನು ಗಿಡ ಹಿಡಿಯುತ್ತದೆ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ತಂಬಾಕು ಮತ್ತು ಸೋಯಾ ಅವರೆಯ ಮೇಲೆ ಪ್ರಯೋಗ ಮಾಡಿ 1920ರಲ್ಲಿ ಇದನ್ನು ತೋರಿಸಿದರು. ನಮ್ಮ ಹಳೆಯ ಜೋಳದ ತಳಿಗಳು, ಅವರೆ, ಹಳೆಯ ಭತ್ತಗಳಲ್ಲಿ ಬಹಳಷ್ಟು ಇದೇ ಜಾತಿಯವು. ಬಿತ್ತಿಗೆ ಯಾವಾಗಲೇ ಆಗಲಿ, ತೆನೆ ತನ್ನ ಕಾಲಕ್ಕೇ ಬರುತ್ತದೆ. ತೆನೆಯ ಕಾಲ ಖಚಿತವಾಗಿದ್ದರಿಂದಲೇ ತೆನೆಯ ಹಬ್ಬವೊಂದನ್ನು ಪಂಚಾಂಗದಲ್ಲಿ ಗೊತ್ತು ಮಾಡುವುದು ಸಾಧ್ಯವಾಯಿತು.

ಆ ಹಬ್ಬವೇ ಶೀಗಿ ಹುಣ್ಣಿಮೆ. ಮಲೆನಾಡಿನವರಿಗೆ ಭೂಮಿ ಹುಣ್ಣಿಮೆ. ದಸರೆಯಾದ ಮೇಲಿನ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಹೊಡೆ ತುಂಬಿದ ಪೈರನ್ನು ಬಸುರಿಯೆಂದು ಬಗೆದು ಭೂತಾಯಿಗೆ ಬಯಕೆಯೂಟ ಬಡಿಸುತ್ತಾರೆ, ಚರಗ ಚೆಲ್ಲುತ್ತಾರೆ. ಹಾನಗಲ್ಲಿನ ಭತ್ತಕ್ಕೆ, ಬಯಲಿನ ಜೋಳಕ್ಕೆ ಈ ದಿನ ಹೇಳಿಮಾಡಿಸಿದಂತಿತ್ತು. ಮಹಾನವಮಿಗೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಪ್ಪ ಬಿಲ್ಲೇರಿ ಕಾರಣಿಕ ನುಡಿಯುವುದೂ ಇದೇ ದಿನಗಳಲ್ಲಿ. ಮುಂಗಾರಿ ಪೈರು ಕಣ್ಣಮುಂದಿದೆ, ಹಿಂಗಾರಿ ಬಿತ್ತಿಗೆ ತಲೆಯ ಮೇಲಿದೆ. ಆ ಒಂದು ಸಾಲಿನಲ್ಲಿ ಮಳೆ-ಬೆಳೆಯ ಅರ್ಥವನ್ನೇ ಜನ ಹುಡುಕುವುದು ಸಹಜ.

ನಾವು ಚಿತ್ರೀಕರಣಕ್ಕೆ ಹೋದದ್ದು ಶೀಗಿ ಹುಣ್ಣಿಮೆಗೇ. ಕ್ಯಾಮೆರಾದವರು ಹಸಿರು ಪೈರಿನ ನಡುವೆ ಪೂಜೆಯ ದೃಶ್ಯ ಬೇಕೆಂದರು. ಹಸಿರು ಎಲ್ಲಿ? ಕಣ್ಣು ಹಾಯಿಸಿದಷ್ಟೂ ಗೋವಿನಜೋಳ, ಎಲೆ ಒಣಗಿ ಗರಗರ ಎನ್ನುತ್ತಿತ್ತು. ಕೆಲವು ಹೊಲಗಳಲ್ಲಿ ತೆನೆ ಮುರಿದೂ ಆಗಿತ್ತು. ಇಂದು ಹಾವೇರಿ ರಾಜ್ಯದಲ್ಲಿ ಗೋವಿನಜೋಳ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲೊಂದು. ಹೈಬ್ರಿಡ್ ತಳಿ ಬಿತ್ತಿದ ದಿನದಿಂದ ನೂರಹತ್ತು, ನೂರಿಪ್ಪತ್ತು ದಿನ ಎಣಿಸಿ ಮಾಗುತ್ತದೆ. ಅದಕ್ಕೆ ರಾತ್ರಿಯ ಉದ್ದದ ಹಂಗು ಹೆಚ್ಚಿಲ್ಲ. ಜೂನಿನಲ್ಲಿ ಬಿತ್ತಿದ್ದು ಅಕ್ಟೋಬರಿಗೆ ಕಣದಲ್ಲಿ. ಅಜ್ಜಿಯೊಬ್ಬರು ಚರಗದ ಬುಟ್ಟಿ ಇಳಿಸಿ ಅಂದರು: 'ನಾವು ಬಯಕಿ ಊಟಾ ತರೂದ್ರಾಗ ಈಕಿ ಹಡದ ಬಿಟ್ಟಾಳ ನೋಡಪಾ.' ಎಲ್ಲರೂ ನಕ್ಕೆವು. ಇದರಲ್ಲಿ ಚಂದ್ರನ ತಪ್ಪಿಲ್ಲ, ಮಳೆಯ ತಪ್ಪೂ ಇಲ್ಲ. ಬೆಳೆ ಬದಲಾಯಿತು, ಹಬ್ಬ ನಿಂತಲ್ಲೇ ನಿಂತಿತು. ಹಬ್ಬ ಹೊಂದಿಕೊಂಡಿದ್ದು ಒಟ್ಟಾರೆ 'ನಿಸರ್ಗ'ಕ್ಕಲ್ಲ, ಒಂದು ಕಾಲದ ಒಂದು ಬೆಳೆಗೆ.

(ಚರಗ ಚೆಲ್ಲಿದರೆ ಹಕ್ಕಿಗಳು ಬಂದು ಹುಳು ತಿನ್ನುತ್ತವೆ, ಅದಕ್ಕಾಗಿಯೇ ಹಿರಿಯರು ಈ ಪದ್ಧತಿ ಮಾಡಿದರು ಎಂದು ನಮ್ಮ ಚರ್ಚೆಗೆ ಬಂದವರೊಬ್ಬರು ಖಡಾಖಂಡಿತವಾಗಿ ಹೇಳಿದರು. ಹಕ್ಕಿಗಳು ಹುಳು ತಿನ್ನುವುದು ನಿಜ. ಆದರೆ ಚರಗ ಚೆಲ್ಲಿದ ಹೊಲ, ಚೆಲ್ಲದ ಹೊಲ ಎರಡರಲ್ಲೂ ಹುಳು ಎಣಿಸಿ ನೋಡದೆ ಅದನ್ನು ವಿಜ್ಞಾನವೆನ್ನಲಾಗದು. ಬಿ.ಎಸ್ಸಿ. ಪ್ರಾಜೆಕ್ಟಿಗೆ ಒಳ್ಳೆಯ ವಿಷಯ, ಯಾರಾದರೂ ಕೈಗೆತ್ತಿಕೊಳ್ಳಿ.)

ಹೊಸದನ್ನು ಹಬ್ಬ ಒಪ್ಪುವುದೇ ಇಲ್ಲ ಎಂದೂ ತಿಳಿಯಬೇಡಿ. ದೀಪಾವಳಿಗೆ ಸಗಣಿಯ ಹಟ್ಟೆವ್ವನನ್ನು ಮಾಡಿ ಉತ್ತರಾಣಿ, ಗುರೆಳ್ಳು ಹೂ, ಚೆಂಡು ಹೂ ಸಿಕ್ಕಿಸುತ್ತಾರೆ. ಚೆಂಡು ಹೂವಿನ ತವರು ಮೆಕ್ಸಿಕೊ. ಹದಿನಾರನೆಯ ಶತಮಾನದಿಂದೀಚೆಗೆ ಕಡಲು ದಾಟಿ ಬಂದ ಈ ಹೂ ಸರಿಯಾಗಿ ದಸರೆ, ದೀಪಾವಳಿಯ ಹೊತ್ತಿಗೆ ಹೊಲ ತುಂಬ ಅರಳಿತು. ಹಟ್ಟೆವ್ವ ಜಾತಿ ಕೇಳಲಿಲ್ಲ, ಮುಡಿದುಕೊಂಡಳು. ಬ್ಯಾಡಗಿಗೆ ಜಗತ್ತಿನಲ್ಲೇ ಹೆಸರು ತಂದ ಮೆಣಸಿನಕಾಯಿಯದೂ ಅದೇ ಕಡಲ ಹಾದಿ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಅದರ ಗುಣಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಅದಕ್ಕೆಂದು ಒಂದು ಹಬ್ಬವಿಲ್ಲ. ಇಲ್ಲಿನ ರೈತರು ಅದಕ್ಕೆ ಹಬ್ಬದ ಬದಲು ಜೊತೆಗಾರರನ್ನು ಹುಡುಕಿದರು: ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರೂ ಒಂದೇ ಹೊಲದಲ್ಲಿ. ಉಳ್ಳಾಗಡ್ಡಿ ದಸರೆಯ ಆಸುಪಾಸಿಗೆ ಏಳುತ್ತದೆ, ಮೆಣಸಿನಕಾಯಿ ಸಂಕ್ರಾಂತಿಯ ಎಡಬಲಕ್ಕೆ ಕೆಂಪಾಗಿ ಕಣಕ್ಕೆ ಬರುತ್ತದೆ, ಹತ್ತಿ ಕೊನೆಗೆ. ಒಂದು ಮಳೆ ಕೈಕೊಟ್ಟರೆ ಒಂದು ಬೆಳೆ ಹೋದೀತು, ಮೂರೂ ಹೋಗವು. ಕಣದಲ್ಲಿ ಕಾಯಿ ಹರವಿದಾಗ ಅಕಾಲಿಕ ಮಳೆ ಬಿದ್ದರೆ ಮಾತ್ರ ಯಾವ ಪಂಚಾಂಗವೂ ಕಾಪಾಡದು. ಕಾಯಿ ಬಿಳಿಚಿಕೊಳ್ಳುತ್ತದೆ, ದರ ಬೀಳುತ್ತದೆ. ಕಾರ್ಡು ಬರೆದ ಹುಡುಗಿಯ ಮನೆಯವರಿಗೆ ದಿನಾಂಕದ ಪ್ರಶ್ನೆ ಎಂದರೆ ಆ ವರ್ಷದ ಕಾಲೇಜು ಫೀಯ ಪ್ರಶ್ನೆ.

ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಹೂ ನೋಡುವ ಉತ್ಸವವಿದೆ. ಅಲ್ಲಿ ಉತ್ಸವಕ್ಕೆ ತಿಥಿಯಿಲ್ಲ, ಹೂ ಅರಳಿದ ದಿನವೇ ಉತ್ಸವ. ಅರಮನೆಯವರು, ಸನ್ಯಾಸಿಗಳು ದಿನಚರಿಯಲ್ಲಿ ಅದನ್ನು ಬರೆದಿಡುತ್ತ ಬಂದರು. ಕ್ರಿ.ಶ. 812ರಿಂದ ಆ ದಾಖಲೆ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿದಾಗ, ಇಷ್ಟು ಬೇಗ ಹನ್ನೆರಡು ಶತಮಾನಗಳಲ್ಲಿ ಅರಳಿರಲಿಲ್ಲ ಎಂದು ಹೇಳಲು ಅವರಿಗೆ ಸಾಧ್ಯವಾಯಿತು. ನಮ್ಮಲ್ಲಿ ಹಬ್ಬದ ದಿನ ಸಾವಿರ ವರ್ಷದ ಹಿಂದಿನದಾದರೂ ಲೆಕ್ಕ ಹಾಕಿ ಹೇಳಬಹುದು. ಆ ದಿನ ಊರ ಬೇವು ಹೂಬಿಟ್ಟಿತ್ತೇ ಎಂಬುದನ್ನು ಬರೆದಿಟ್ಟವರು ವಿರಳ. ಈಚೆಗೆ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಹಲವು ರಾಜ್ಯಗಳ ಶಾಲಾ ಮಕ್ಕಳು ವಾರಕ್ಕೊಮ್ಮೆ ಮರ ನೋಡಿ ದಾಖಲಿಸುತ್ತಿದ್ದಾರೆ. ಏಪ್ರಿಲ್ ಮಧ್ಯದ ವಿಷು ಹಬ್ಬಕ್ಕೆ ಬೇಕಾದ ಕಕ್ಕೆ ಹೂ ಎಷ್ಟೋ ಕಡೆ ಮೊದಲೇ ಅರಳಿರುವುದನ್ನು ಕೇರಳದ ಮಕ್ಕಳು ಗುರುತಿಸಿದ್ದಾರೆ.

ಕಾರ್ಡಿಗೆ ಉತ್ತರ ಬರೆಯುವಾಗ ನಾನು ಆ ಹುಡುಗಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಾ ಹೋಗುವ ಹಾದಿಯಲ್ಲಿ ಒಂದು ಬೇವು, ಒಂದು ಮುತ್ತುಗ ಗೊತ್ತು ಮಾಡಿಕೊಳ್ಳಿ. ಪ್ರತಿ ವರ್ಷ ಅದೇ ಮರ. ಮೊದಲ ಚಿಗುರು, ಮೊದಲ ಹೂ, ಕೊನೆಯ ಹೂ, ಈ ಮೂರರ ತಾರೀಖು ಬರೆಯಿರಿ. ಪಕ್ಕದಲ್ಲಿ ತಿಥಿ, ಅದರ ಪಕ್ಕದಲ್ಲಿ ನಡೆಯುತ್ತಿರುವ ಮಳೆ ನಕ್ಷತ್ರ. ಹೊಲವಿದ್ದವರು ಬಿತ್ತಿದ ದಿನ, ಹದ ಮಳೆಯಾದ ದಿನ ಸೇರಿಸಿ. ನಕ್ಷತ್ರ ಗೊತ್ತಾಗದಿದ್ದರೆ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಅವರಿಗೂ ಸಂತೋಷ. ಮರೆತ ದಿನ ಅಂದಾಜಿನ ಮೇಲೆ ತುಂಬಬೇಡಿ, ಖಾಲಿ ಬಿಡಿ.

ಕಳೆದ ಬಾರಿ ಬಂದ ಅವಳ ಪತ್ರದಲ್ಲಿ ಎರಡು ವರ್ಷದ ಪಟ್ಟಿ ಇತ್ತು. ಯುಗಾದಿ ಹಿಂದುಮುಂದಾಗಿದೆ, ಬೇವಿನ ಮೊದಲ ಹೂ ಮಾತ್ರ ಹೆಚ್ಚು ಅಲುಗಿಲ್ಲ. ಎರಡು ವರ್ಷದಿಂದ ಏನೂ ಹೇಳಲಾಗದು ಎಂದು ಅವಳೇ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.